ಅಂಬೂಹಿವಾರಿಯ ವಿಪುಲ ಅವಕಾಶಗಳು

ಅಂಬೂಹಿವಾರಿಗೆ ಕರೆಂಟು ಬಂದಿಲ್ಲ, ಡಾಂಬರು ಬಂದಿಲ್ಲ, ಹೊಳೆಗೆ ಸೇತುವೆ ಬಂದಿಲ್ಲ. ಇದಕ್ಕೆಲ್ಲ ನಾವು ಬಹಳ ಕಾಲ ದರಿದ್ರ ಎಂಬ ಹಳೆಯ ಹೆಸರನ್ನೇ ಇಟ್ಟುಕೊಂಡಿದ್ದೆವು. ಪರದೇಶದ ಹಣ ಕರೆತರಲೆಂದು ಸರ್ಕಾರದ ಬಂಡವಾಳ ಕಚೇರಿಯವರು ಬಣ್ಣಬಣ್ಣದ ಪುಸ್ತಿಕೆ ಅಚ್ಚು ಹಾಕಿಸಿದ ಮೇಲೆ ನಮ್ಮ ಕಣ್ಣು ತೆರೆಯಿತು. ಅದು ದರಿದ್ರವಲ್ಲವಂತೆ, ಅವಕಾಶವಂತೆ. ದೀಪವಿಲ್ಲದಿದ್ದರೆ ವಿದ್ಯುತ್ ಕ್ಷೇತ್ರದಲ್ಲಿ ಅವಕಾಶ. ಆಸ್ಪತ್ರೆಯಿಲ್ಲದಿದ್ದರೆ ಆರೋಗ್ಯ ಕ್ಷೇತ್ರದಲ್ಲಿ ಅವಕಾಶ. ಪೀಚ್ ಹಣ್ಣು ಮರದಡಿಯಲ್ಲೇ ಕೊಳೆತರೆ ಆಹಾರ ಸಂಸ್ಕರಣೆಯಲ್ಲಿ ವಿಪುಲ ಅವಕಾಶ. ಆ ಲೆಕ್ಕದಲ್ಲಿ ಇಡೀ ಮಡಗಾಸ್ಕರಿನಲ್ಲಿ ನಮ್ಮಷ್ಟು ಸಂಪನ್ನವಾದ ಊರು ಇನ್ನೊಂದಿರಲಾರದು.

ಆ ಪುಸ್ತಿಕೆಯ ನಾಲ್ಕನೇ ಪುಟದಲ್ಲಿ ಹುಲ್ಲಿನ ಟೋಪಿ ಹಾಕಿ, ಹೆಗಲಿಗೆ ಬಿಳಿ ಶಾಲು ಹೊದ್ದು, ಬಾಯಿ ತೆರೆದುಕೊಂಡು ನಿಂತವರೇ ರಮಹೇಫಾ. ವಯಸ್ಸು ಅರವತ್ತಾರು. ಹೊಟ್ಟೆಪಾಡಿಗೆ ಎರಡು ಗದ್ದೆ, ಇಪ್ಪತ್ತೆರಡು ಪೀಚ್ ಮರ. ಹೆಸರು ಬಂದದ್ದು ಮಾತ್ರ ಮಾತಿನಿಂದ. ನಮ್ಮಲ್ಲಿ ಹೆಣ್ಣು ಕೇಳಬೇಕಾದರೂ, ಹೆಣ ಹೂಳಬೇಕಾದರೂ, ಎತ್ತು ಕೊಳ್ಳಬೇಕಾದರೂ ಕಬಾರಿ ಆಗಬೇಕು. ಸಭೆಯಲ್ಲಿ ಎದ್ದು ನಿಂತು ಆಡುವ ಆ ಮಾತಿನಲ್ಲಿ ಮುಕ್ಕಾಲು ಪಾಲು ಬರೀ ಕ್ಷಮಾಪಣೆ. ನಾನು ಅಣ್ಣನಲ್ಲ, ತಮ್ಮ. ನಾನು ಮರವಲ್ಲ, ತೊಗಟೆ. ನನ್ನ ಮನೆ ಮನೆಯಲ್ಲ, ನನ್ನ ಅನ್ನ ಅನ್ನವಲ್ಲ. ಹೀಗೆ ತನ್ನನ್ನು, ತನ್ನ ಊರನ್ನು, ತನ್ನ ದನಕರುಗಳನ್ನು ಯಾರು ಹೆಚ್ಚು ಹೀನಾಯವಾಗಿ ಜರೆದುಕೊಳ್ಳುತ್ತಾರೋ ಅವರೇ ದೊಡ್ಡ ಮಾತುಗಾರರು.

ಈ ವಿದ್ಯೆಯಲ್ಲಿ ರಮಹೇಫಾರನ್ನು ಮೀರಿಸುವವರು ಹತ್ತೂರಲ್ಲಿ ಇರಲಿಲ್ಲ. ಒಮ್ಮೆ ಹೆಣ್ಣು ಕೇಳಲು ಹೋದಾಗ, "ನಮ್ಮ ಹುಡುಗನಿಗೆ ಕೈಯಲ್ಲಿ ಕೆಲಸವಿಲ್ಲ, ತಲೆಯಲ್ಲಿ ಬುದ್ಧಿಯಿಲ್ಲ, ಅವನ ಮನೆ ಸೋರುತ್ತೆ, ಅವನಮ್ಮ ಬೈತಾಳೆ" ಎಂದು ಅರ್ಧ ತಾಸು ಜರೆದಿದ್ದರು. ಹುಡುಗಿಯ ಅಪ್ಪ ಆನಂದಬಾಷ್ಪ ಸುರಿಸಿ, ಇಂಥ ಮರ್ಯಾದಸ್ಥರ ಮನೆ ಸಿಗಲು ಪುಣ್ಯ ಮಾಡಿರಬೇಕು ಎಂದು ಮಗಳನ್ನು ಕೊಟ್ಟರು. ಅತಿ ವಿನಯ ಧೂರ್ತ ಲಕ್ಷಣ ಎನ್ನುವವರು ನಮ್ಮ ಕಡೆ ನೆಂಟಸ್ತಿಕೆ ಬೆಳೆಸಲು ಬರಬಾರದು.

ಬಂಡವಾಳ ಕಚೇರಿಯ ಅಧಿಕಾರಿ ರಜೇರಿ ಈ ವಿದ್ಯೆಯನ್ನು ಪರದೇಶದ ಅತಿಥಿಗಳ ಸ್ವಾಗತಕ್ಕೆ ಹಚ್ಚಿದ. ಒಂಬತ್ತು ವರ್ಷದಲ್ಲಿ ಹನ್ನೊಂದು ನಿಯೋಗಗಳು ಬಂದವು. ಅವರು ಹೊಳೆಯ ಆಚೆ ದಡದಲ್ಲಿ ಜೀಪು ನಿಲ್ಲಿಸಿ, ಷೂ ಬಿಚ್ಚಿ, ನಮ್ಮ ಹುಡುಗರ ಬೆನ್ನೇರಿ ಈಚೆ ಬಂದು, ಪೀಚ್ ಮರಗಳ ಮುಂದೆ ಫೋಟೊ ತೆಗೆಸಿಕೊಂಡು, ನಮ್ಮ ಪದ್ಧತಿಯಂತೆ ಸೀದ ಅನ್ನದ ಪಾತ್ರೆಯಲ್ಲಿ ಕುದಿಸಿದ ನೀರು ಕುಡಿದು, ತಲೆದೂಗಿ ಹೋದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ಹನ್ನೊಂದರಲ್ಲಿ ಒಂದೂ ತಿರುಗಿ ನೋಡಲಿಲ್ಲ.

ಆದರೆ ಒಂಬತ್ತು ವರ್ಷ ರಮಹೇಫಾರನ್ನು ಕೊರೆಯುತ್ತಿದ್ದ ಸಂಕಟವೇ ಬೇರೆ. ಅವರು ಬೆವರು ಸುರಿಸಿ ಇಪ್ಪತ್ತೈದು ನಿಮಿಷ ಮಾತಾಡಿ ಕೂತರೆ, ದುಭಾಷಿ ಸುಲುಫು ಎದ್ದು ಒಂದೇ ಉಸಿರಿನಲ್ಲಿ ಏನೋ ಗೊಣಗಿ ಕೂತುಬಿಡುತ್ತಿದ್ದ.

"ಏನಯ್ಯ ಸುಲುಫು, ಅಷ್ಟು ಮಾತು ಅವರ ಭಾಷೆಯಲ್ಲಿ ಇಷ್ಟೇನಾ?" ಎಂದು ಒಮ್ಮೆ ತಡೆದು ಕೇಳಿದ್ದರು.

"ಇಷ್ಟೇ ಯಜಮಾನ್ರೇ. ನಿಮ್ಮನ್ನು ನೋಡಿ ಇವರಿಗೆ ಸಂತೋಷವಾಯ್ತು ಅಂದೆ."

"ನನ್ನ ಕ್ಷಮಾಪಣೆ ಎಲ್ಲಿ ಹೋಯ್ತು?"

"ಅದನ್ನೆಲ್ಲ ಹೇಳಬಾರದು."

"ಯಾಕೆ?"

"ಹೇಳಿದ್ರೆ ನಂಬಿಬಿಡ್ತಾರೆ."

ಸುಲುಫು ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ರಮಹೇಫಾ ಮುಖ ಊದಿಸಿಕೊಂಡು ಮನೆಗೆ ಬಂದರು.

ಮನೆಯಲ್ಲಿ ಹೆಂಡತಿ ವುಲಾ ಕಾಲಿಗೆ ಬಿಸಿನೀರ ಬಟ್ಟೆ ಸುತ್ತಿಕೊಂಡು ಕೂತಿದ್ದರು. ನಮ್ಮ ಪೀಚ್ ಹಣ್ಣಿಗೆ ಒಂದು ಕೆಟ್ಟ ಬುದ್ಧಿ: ಅದು ಹಣ್ಣಾಗುವುದು ಮಳೆಗಾಲದಲ್ಲೇ, ಹೊಳೆ ಏರಿದಾಗಲೇ. ಸಂತೆ ಇರುವುದು ಆಚೆ ದಡದಲ್ಲಿ. ಮೂವತ್ತೆಂಟು ವರ್ಷ ವುಲಾ ತಲೆಯ ಮೇಲೆ ಬುಟ್ಟಿ ಹೊತ್ತು, ಸೊಂಟದವರೆಗಿನ ನೀರಿನಲ್ಲಿ ಹೊಳೆ ದಾಟಿದವರು. ಹಿಂದಿನ ವರ್ಷ ಕಲ್ಲು ಜಾರಿ ಎಡಮಂಡಿ ಹೋಯಿತು. ಹಾಗಂತ ಹೊಳೆಯೇನು ರಜೆ ಕೊಡಲಿಲ್ಲ. ಮಾತುಗಾರರು ಬುಟ್ಟಿ ಹೊರುವ ಪದ್ಧತಿ ನಮ್ಮಲ್ಲಿಲ್ಲ, ಶಾಲು ಒದ್ದೆಯಾಗುತ್ತದೆ. ಹಾಗಾಗಿ ಕುಂಟುತ್ತಲೇ ಆಕೆ ದಾಟುತ್ತಿದ್ದರು. ದಡದಲ್ಲಿ ನಿಂತು ನೋಡುವಾಗಲೆಲ್ಲ ರಮಹೇಫಾರಿಗೆ ಕರುಳು ಕಿತ್ತು ಬರುತ್ತಿತ್ತು. ಆದರೂ ಶಾಲು ಹೆಗಲ ಮೇಲೇ ಇರುತ್ತಿತ್ತು.

ಹೀಗಿರುವಾಗ ಹನ್ನೆರಡನೇ ನಿಯೋಗ ಬರುತ್ತದೆಂದು ಸುದ್ದಿಯಾಯಿತು. ಇದು ಹಿಂದಿನವುಗಳ ಹಾಗಲ್ಲ. ಈ ಕಂಪನಿಯವರು ಮಣ್ಣು, ನೀರು, ಹಣ್ಣು ಎಲ್ಲ ತೂಗಿ ನೋಡಿ ಆಗಿತ್ತು. ರಸದ ಕಾರ್ಖಾನೆ ಬಂದರೆ ಲಾರಿ ಬರಬೇಕು, ಲಾರಿ ಬರಬೇಕಾದರೆ ಸೇತುವೆ ಆಗಬೇಕು, ಅದನ್ನೂ ಅವರೇ ಕಟ್ಟುತ್ತಾರೆ.

"ಬಾಯ್ಮಾತಲ್ಲಿ ಹೂಂ ಅನ್ನೋದೊಂದು ಬಾಕಿ" ಎಂದ ರಜೇರಿ. "ಅಜ್ಜ, ಚಿಕ್ಕದಾಗಿ ಮುಗಿಸಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಸೇತುವೆ ಕೊಡೋರಿಗೆ ಚಿಕ್ಕ ಮಾತಾ? ಮರ್ಯಾದೆ ಬೇಡವೇನಯ್ಯ?" ಎಂದರು ರಮಹೇಫಾ.

ಅಷ್ಟರಲ್ಲಿ ಸುಲುಫು ಕೆಲಸದಿಂದ ನಿವೃತ್ತನಾಗಿ, ಕರಾವಳಿಯ ತಮ್ಮನ ಮನೆ ಸೇರಿದ್ದ. ಅವನ ಜಾಗಕ್ಕೆ ತಿಯಾನಾ ಎಂಬ ಹುಡುಗಿ ಬಂದಳು. ರಾಜಧಾನಿಯಲ್ಲಿ ಓದಿದವಳು, ಕೆಲಸದಲ್ಲಿ ಬಲು ನಿಷ್ಠೆ. ರಮಹೇಫಾ ಆಕೆಯನ್ನು ಮನೆಗೆ ಕರೆದು, ಅನ್ನ ಬಡಿಸಿ, ಕೈ ಹಿಡಿದುಕೊಂಡರು.

"ಮಗಳೇ, ಒಂಬತ್ತು ವರ್ಷ ನನ್ನ ಮಾತನ್ನು ಆ ಸುಲುಫು ನುಂಗಿಬಿಟ್ಟ. ನೀನು ಒಂದಕ್ಷರ ಬಿಡಬೇಡ."

"ಬಿಡಲ್ಲ ಅಜ್ಜ. ಅದೇ ನನ್ನ ಕೆಲಸ."

ನಿಯೋಗದ ದಿನ ಆರು ಜನ ಬಂದರು. ಮುಖ್ಯಸ್ಥೆ ಬೆಳ್ಳಿಗೂದಲಿನ ಹೆಂಗಸು. ಚಪ್ಪರದ ಕೆಳಗೆ ಊರಿಗೆ ಊರೇ ಸೇರಿತ್ತು. ರಮಹೇಫಾ ಶಾಲು ಸರಿಪಡಿಸಿಕೊಂಡು ಎದ್ದರು. ಒಂದೊಂದು ಮಾತಿಗೂ ನಿಲ್ಲಿಸಿದರು, ತಿಯಾನಾ ಒಂದೊಂದನ್ನೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ದಾಟಿಸಿದಳು.

"ದೊಡ್ಡವರ ಮುಂದೆ ಬಾಯಿ ತೆರೆಯುವ ಯೋಗ್ಯತೆ ನನಗಿಲ್ಲ. ಮಾತು ಮೊಟ್ಟೆ ಇದ್ದ ಹಾಗೆ, ಒಡೆದು ಹೊರಬಂದರೆ ರೆಕ್ಕೆ ಬರುತ್ತದೆ, ತಪ್ಪಿದ್ದರೆ ಕ್ಷಮಿಸಿ. ನಿಮ್ಮನ್ನು ಕೂರಿಸಿದ ಈ ನೆಲ ನೆಲವಲ್ಲ, ಕೆಸರು. ನೀವು ಬಂದ ದಾರಿ ದಾರಿಯಲ್ಲ, ಎತ್ತಿನ ಕಾಲು ಮುರಿಯುವ ಹೊಂಡ. ನಮ್ಮ ಹೊಳೆ ವರ್ಷಕ್ಕೊಂದು ಗಾಡಿ ನುಂಗುತ್ತದೆ. ನಮ್ಮ ಹಣ್ಣು ನೋಡಲು ಹಣ್ಣು, ಎರಡೇ ದಿನಕ್ಕೆ ನೊಣದ ಪಾಲು. ನಮ್ಮ ಹುಡುಗರು ಮಳೆ ಬಂದರೆ ಮಲಗುವವರು, ಬಿಸಿಲು ಬಂದರೆ ಹಾಡುವವರು."

ಊರವರು ಒಂದೊಂದು ಮಾತಿಗೂ ಹೌದೌದು ಎಂದು ತಲೆದೂಗಿದರು. ಇಂಥ ಕಬಾರಿಯನ್ನು ನಮ್ಮ ಅಜ್ಜಂದಿರೂ ಕೇಳಿರಲಿಲ್ಲ. ಅತಿಥಿಗಳು ಪೆನ್ನು ತೆಗೆದು ಬರೆದುಕೊಳ್ಳತೊಡಗಿದರು. ತಮ್ಮ ಮಾತನ್ನು ಪರದೇಶದವರು ಬರೆದುಕೊಳ್ಳುವುದನ್ನು ಕಂಡು ರಮಹೇಫಾರಿಗೆ ಮೈಮೇಲೆ ದೇವರು ಬಂದಂತಾಯಿತು. ರಜೇರಿ ಮಾತ್ರ ಕರವಸ್ತ್ರ ಹಿಂಡುವಷ್ಟು ಬೆವರಿದ್ದ. ಆದರೆ ಅವನೂ ನಮ್ಮವನೇ. ಕಬಾರಿ ಆಡುವವರ ಮಾತಿಗೆ ಅಡ್ಡಬಾಯಿ ಹಾಕುವುದೆಂದರೆ ನಮ್ಮಲ್ಲಿ ತಂದೆಯ ಕೆನ್ನೆಗೆ ಹೊಡೆದಂತೆ. ಸರ್ಕಾರಿ ಸಂಬಳ ತಿನ್ನುವವನಾದರೂ ಅವನು ಪಾಪ ತುಟಿ ಕಚ್ಚಿಕೊಂಡೇ ಕೂತ.

ಬೆಳ್ಳಿಗೂದಲಿನ ಹೆಂಗಸು ಮೆಲ್ಲಗೆ ಏನೋ ಕೇಳಿದರು.

"ಹೊಳೆ ನಿಜವಾಗ್ಲೂ ಪ್ರತಿವರ್ಷ ಹಾಗೆ ಮಾಡುತ್ತಾ ಅಂತ ಕೇಳ್ತಿದ್ದಾರೆ ಅಜ್ಜ" ಎಂದಳು ತಿಯಾನಾ.

ಅತಿಥಿಯೊಬ್ಬರು ಕ್ಷಮಾಪಣೆಯಲ್ಲಿ ಇಷ್ಟು ಆಸ್ಥೆ ತೋರಿಸಿದ್ದನ್ನು ರಮಹೇಫಾ ಜನ್ಮದಲ್ಲಿ ಕಂಡಿರಲಿಲ್ಲ. "ಗಾಡಿ ಯಾವ ಲೆಕ್ಕ ತಾಯಿ! ಹೋದ ವರ್ಷ ನನ್ನ ಹೆಂಡತಿಯ ಕಾಲನ್ನೇ ತಗೊಂಡಿತು" ಎಂದರು. ಹೆಂಗಸು ಪೆನ್ನು ಕೆಳಗಿಟ್ಟು, ಹಿಂದೆ ಕೂತಿದ್ದ ವುಲಾರ ಮಂಡಿಯನ್ನು ಬಹಳ ಹೊತ್ತು ನೋಡಿದರು. ಹೋಗುವಾಗ ರಮಹೇಫಾರ ಎರಡೂ ಕೈ ಹಿಡಿದು ಏನೋ ಹೇಳಿದರು. ತಿಯಾನಾ ದಾಟಿಸಿದಳು: ನಿಮ್ಮಂಥವರನ್ನು ನಾನು ಎಲ್ಲೂ ನೋಡಿಲ್ಲ.

ಆ ವಾರ ರಮಹೇಫಾ ನೆಲದ ಮೇಲೆ ನಡೆಯಲಿಲ್ಲ. ಸೇತುವೆಯ ಉದ್ಘಾಟನೆಗೆ ಏನು ಮಾತಾಡಬೇಕೆಂದು ಗದ್ದೆಯ ಬದುವಿನ ಮೇಲೆ ತಾಲೀಮು ನಡೆಸಿದರು. ತಿಂಗಳ ಮೇಲೆ ರಜೇರಿ ಕಾಗದವೊಂದನ್ನು ಹಿಡಿದು ಬಂದ. ಹೊಳೆ ದಾಟುವಾಗ ಪ್ಯಾಂಟು ಮಡಿಸುವ ತಾಳ್ಮೆಯೂ ಅವನಿಗಿರಲಿಲ್ಲ. ಜೊತೆಗೆ ಬಂದ ತಿಯಾನಾ ಅದನ್ನು ಓದಿ ಹೇಳಿದಳು.

"ಹದಿನಾಲ್ಕು ದೇಶ ಸುತ್ತಿದ್ದೇವೆ. ಎಲ್ಲ ಕಡೆ ಬಣ್ಣದ ಪುಸ್ತಿಕೆ ಕೊಟ್ಟರು. ಇದ್ದದ್ದನ್ನು ಇದ್ದ ಹಾಗೆ ಹೇಳಿದವರು ನಿಮ್ಮ ಊರಿನ ಹಿರಿಯರೊಬ್ಬರೇ. ಅವರ ಪ್ರಾಮಾಣಿಕತೆಗೆ ನಾವು ಋಣಿಗಳು. ಅವರ ಮಾತನ್ನು ಆಧರಿಸಿ ಈ ಯೋಜನೆಯನ್ನು ಕೈಬಿಟ್ಟಿದ್ದೇವೆ."

"ಪ್ರಾಮಾಣಿಕತೆ!" ರಜೇರಿ ಕಿರುಚಿದ. "ಯಾರು ಕೇಳಿದ್ರು ನಿಮ್ಮ ಪ್ರಾಮಾಣಿಕತೇನ?"

"ನಾನು ಪ್ರಾಮಾಣಿಕವಾಗಿ ಏನೂ ಹೇಳಲಿಲ್ಲವಲ್ಲೋ" ಎಂದರು ರಮಹೇಫಾ, ಕಕ್ಕಾಬಿಕ್ಕಿಯಾಗಿ. "ಮರ್ಯಾದೆಗೆ ಹೇಳಿದ್ದು."

ಅವತ್ತು ಅವರು ಅಂಗಳದಲ್ಲಿ ಕೂತು ತಮ್ಮ ಕಬಾರಿಯನ್ನು ಮೊದಲಿಂದ ಕೊನೆಯವರೆಗೆ ಮನಸ್ಸಿನಲ್ಲೇ ತಿರುವಿ ಹಾಕಿದರು. ಅದರಲ್ಲಿ ಒಂದಾದರೂ ಸುಳ್ಳು ಸಿಕ್ಕಿದ್ದರೆ ಸಮಾಧಾನವಾಗುತ್ತಿತ್ತು. ಕೆಸರು ನಿಜ, ಹೊಂಡ ನಿಜ, ನೊಣ ನಿಜ, ಹೆಂಡತಿಯ ಕಾಲು ನಿಜ. ನಲವತ್ತು ವರ್ಷ ವಿನಯ ಎಂದುಕೊಂಡು ಆಡಿದ್ದೆಲ್ಲ ಅಪ್ಪಟ ವರದಿಯಾಗಿತ್ತು. ಅವರಿಗೆ ಬಹಳ ನಾಚಿಕೆಯಾಯಿತು. ಮಾತು ನುಂಗಿದನೆಂದು ತಾವು ದೂರಿದ್ದ ಸುಲುಫು ನೆನಪಾಗಿ ಇನ್ನಷ್ಟು ನಾಚಿಕೆಯಾಯಿತು.

"ಹೋಗ್ಲಿ ಬಿಡಿ ಫಾರಾಳ ಅಪ್ಪ" ಎಂದರು ವುಲಾ, ಮಗಳ ಹೆಸರಿಟ್ಟು ಗಂಡನನ್ನು ಕರೆಯುವುದು ಆಕೆಯ ರೂಢಿ. "ನಿಮ್ಮ ಮಾತು ಪೂರ್ತಿ ತಲುಪಬೇಕು ಅಂತ ಒದ್ದಾಡ್ತಿದ್ರಿ. ತಲುಪಿತಲ್ಲ."

ಮರುದಿನ ಸಂತೆ. ವುಲಾ ಬುಟ್ಟಿ ಎತ್ತಲು ಬಗ್ಗಿದಾಗ ರಮಹೇಫಾ ಶಾಲನ್ನು ತೆಗೆದು ಗೂಟಕ್ಕೆ ಹಾಕಿ, ಬುಟ್ಟಿಯನ್ನು ತಮ್ಮ ತಲೆಗೇರಿಸಿಕೊಂಡರು. ಊರು ಬಾಯಿ ಬಿಟ್ಟುಕೊಂಡು ನೋಡಿತು. ಮೊದಲ ದಿನವೇ ಅರ್ಧ ಬುಟ್ಟಿ ಪೀಚು ಹೊಳೆಯ ಪಾಲಾಯಿತು. ನೀರಿನಲ್ಲಿ ಕಾಲಿಡುವ ಕಲ್ಲು ಯಾವುದು, ಜಾರುವ ಕಲ್ಲು ಯಾವುದು ಎಂದು ದಡದಿಂದ ವುಲಾ ಕೂಗಿ ಹೇಳಿಕೊಡಬೇಕಾಯಿತು. ಮೂವತ್ತೆಂಟು ವರ್ಷ ಈಕೆ ಇದನ್ನು ಹೇಗೆ ಮಾಡಿದಳು ಎಂದು ನಡುನೀರಿನಲ್ಲಿ ನಿಂತಾಗ ಅವರಿಗೆ ಅಳು ಬಂತು.

ಮುಂದಿನ ಮಳೆಗಾಲಕ್ಕೆ ಹದಿಮೂರನೇ ನಿಯೋಗ ಬಂತು. ಈ ಸಲ ಸ್ವಾಗತಕ್ಕೆ ರಮಹೇಫಾರನ್ನು ಯಾರೂ ಕರೆಯಲಿಲ್ಲ. ರಜೇರಿಯೇ ಮೂರು ವಾಕ್ಯ ಮಾತಾಡಿದ, ಮೂರೂ ಸುಳ್ಳು. ಅತಿಥಿಗಳು ಸಂತುಷ್ಟರಾದರು, ಹೋದರು, ಕಾಗದವನ್ನೂ ಬರೆಯಲಿಲ್ಲ. ಅವರು ಆಚೆ ದಡದಲ್ಲಿ ಜೀಪು ಹತ್ತುವಾಗ ರಮಹೇಫಾ ಬುಟ್ಟಿ ಹೊತ್ತು ಎದೆಮಟ್ಟದ ನೀರಿನಲ್ಲಿದ್ದರು. ಯಾರೋ ಫೋಟೊ ತೆಗೆದದ್ದು ಅವರಿಗೆ ಗೊತ್ತಾಗಲೂ ಇಲ್ಲ.

ಹೊಸ ಪುಸ್ತಿಕೆ ಬಂದಾಗ ತಿಯಾನಾ ಒಂದು ಪ್ರತಿ ತಂದುಕೊಟ್ಟಳು. ರಮಹೇಫಾ ಈಗ ನಾಲ್ಕನೇ ಪುಟದಲ್ಲಿರಲಿಲ್ಲ, ಮುಖಪುಟಕ್ಕೇ ಬಡ್ತಿ ಸಿಕ್ಕಿತ್ತು. ಕಂದು ನೀರು, ತಲೆಯ ಮೇಲೆ ಬುಟ್ಟಿ, ಕೆಳಗೆ ದಪ್ಪ ಅಕ್ಷರ.

"ಏನು ಬರೆದಿದ್ದಾರೆ ಮಗಳೇ? ಪೂರ್ತಿ ಹೇಳು."

"ಸಾಗಾಣಿಕೆ ಕ್ಷೇತ್ರದಲ್ಲಿ ವಿಪುಲ ಅವಕಾಶ."

"ಅಷ್ಟೇನಾ?"

"ಅಷ್ಟೇ ಅಜ್ಜ. ಒಂದಕ್ಷರ ಬಿಟ್ಟಿಲ್ಲ."

ವುಲಾ ಕುಂಟುತ್ತ ಬಂದು ಚಿತ್ರವನ್ನು ಬೆಳಕಿಗೆ ಹಿಡಿದರು. "ಹಳೇ ಫೋಟೊದಲ್ಲಿ ಬಾಯಿ ತೆರೆದುಕೊಂಡಿದ್ರಿ. ಇದರಲ್ಲಿ ಮುಚ್ಚಿಕೊಂಡಿದ್ದೀರಿ" ಎಂದರು. "ಇನ್ನು ಸೇತುವೆ ಬಂದ್ರೂ ಬರಬಹುದು."

ರಮಹೇಫಾ ನಗಲಿಲ್ಲ. ಅಂದು ಕಿತ್ತ ಹಣ್ಣು ನಾಳೆಗೆ ಉಳಿಯುವಂತಿರಲಿಲ್ಲ. ಬುಟ್ಟಿಯನ್ನು ತಲೆಗೇರಿಸಿಕೊಂಡು ಹೊಳೆಯ ಕಡೆ ನಡೆದರು.