ಶುಕ್ರವಾರದ ಪಿಸ್ತೂಲು

ಕೈಗೆ ಸಿಕ್ಕ ವಸ್ತುವನ್ನು ಬಿಚ್ಚಿ ನೋಡಬೇಕೆನಿಸುವುದು ನನ್ನ ಹುಟ್ಟುಗುಣ. ಬೀಗ, ಲಾಟೀನು, ಮದುವೆಯಲ್ಲಿ ಮಾವನವರು ಕೊಟ್ಟ ಗಡಿಯಾರ, ಯಾವುದನ್ನೂ ನಾನು ಅದರ ಪಾಡಿಗೆ ಬಿಟ್ಟವನಲ್ಲ. ಬಿಚ್ಚುವಾಗ ಇರುವ ಉತ್ಸಾಹ ಜೋಡಿಸುವಾಗ ಇರುವುದಿಲ್ಲ ಎಂಬುದು ನನ್ನ ಹೆಂಡತಿಯ ಹಳೆಯ ದೂರು. ಮಾವನವರ ಗಡಿಯಾರ ಇವತ್ತಿಗೂ ಒಂದು ಡಬ್ಬಿಯಲ್ಲಿದೆ. ಅಲ್ಲಾಡಿಸಿದರೆ ಸದ್ದು ಮಾಡುತ್ತದೆ, ವೇಳೆ ಮಾತ್ರ ಹೇಳುವುದಿಲ್ಲ. ಇಂಥ ನನ್ನನ್ನು ಹುಮನಾಬಾದಿನ ಗುಂಡೇರಾಯರು ಪಿಸ್ತೂಲು ಜೋಡಿಸುವುದರಲ್ಲಿ ನಿಪುಣನೆಂದು ನಂಬಿ ವರ್ಷಗಟ್ಟಲೆ ಮನೆಗೆ ಕರೆಸಿಕೊಂಡರು ಎಂದರೆ ನೀವು ನಗುತ್ತೀರಿ. ನಗಬೇಕಾದ್ದೇ. ಮುಂದೆ ನಗುವುದಕ್ಕೆ ಹೆಚ್ಚು ಜಾಗವಿಲ್ಲ, ಇಲ್ಲಿಯೇ ನಕ್ಕುಬಿಡಿ.

ನಾನಾಗ ಕಲ್ಯಾಣದ ಶಾಲೆಯಲ್ಲಿ ಮಾಸ್ತರ. ನಿಜಾಮರ ರಾಜ್ಯದಲ್ಲಿ ವಾರದ ಸೂಟಿ ಶುಕ್ರವಾರ. ಮುಂಜಾನೆಯ ಮೋಟಾರು ಹಿಡಿದು ಧೂಳು ತಿನ್ನುತ್ತ ಹುಮನಾಬಾದಿಗೆ ಹೋದರೆ ರಾಯರ ಮನೆಯ ಪಡಸಾಲೆಯಲ್ಲಿ ಚಹಾ ಕಾದಿರುತ್ತಿತ್ತು. ರಾಯರು ವತನದಾರರ ಮನೆತನದವರು. ಹತ್ತಿರದ ಹುಡಗಿ ಎಂಬ ಹಳ್ಳಿಯ ಹೊಲದಿಂದ ಜೋಳ ಬರುತ್ತಿತ್ತು, ಕೈತುಂಬ ಬಿಡುವಿತ್ತು, ಹಳೆಯ ಸಾಮಾನು ಕೂಡಿಸುವ ಹುಚ್ಚಿತ್ತು. ಬಿದರಿ ಹುಕ್ಕಾ, ಕೀಲಿ ಕಳೆದ ಬೀಗಗಳು, ಯಾವುದೋ ಅಮೀರರ ಕನ್ನಡಕ. ಇವೆಲ್ಲಕ್ಕಿಂತ ಅವರಿಗೆ ಪ್ರಾಣವಾಗಿದ್ದದ್ದು ಹೈದರಾಬಾದಿನ ಗುಜರಿ ಬಜಾರಿನಲ್ಲಿ ಸಿಕ್ಕ ಒಂದು ಜೊತೆ ಜೇಬಿನ ಪಿಸ್ತೂಲು.

ಅಂಗೈಯಷ್ಟೇ ಇದ್ದವು. ದಂತದ ಹಿಡಿ, ತಿರುವಿದರೆ ಕಳಚಿಕೊಳ್ಳುವ ನಳಿಗೆ. ಮೇಲಿನ ಸುತ್ತಿಗೆಯನ್ನು ಹಿಂದಕ್ಕೆಳೆದಾಗಷ್ಟೇ ಬೆರಳಿಂದ ಒತ್ತುವ ಕುದುರೆ ಹೊಟ್ಟೆಯೊಳಗಿಂದ ಹೊರಗಿಣುಕುತ್ತಿತ್ತು. ಇಲ್ಲದಿದ್ದರೆ ಅದು ಕೋಟಿನ ಅಂಚಿಗೆ ಸಿಕ್ಕಿಕೊಂಡೀತೆಂದು ಮಾಡಿದವನ ಎಚ್ಚರಿಕೆ. ಊಟದ ಮನೆಗೆ ಹೋಗುವಾಗಲೂ ಜೇಬಿನಲ್ಲಿ ಇಂಥದ್ದೊಂದನ್ನು ಇಟ್ಟುಕೊಳ್ಳುತ್ತಿದ್ದರಂತೆ ಆ ಕಾಲದ ಯುರೋಪಿನವರು. ಅಂಥವರ ಜೊತೆ ಪಂಕ್ತಿಯಲ್ಲಿ ಕೂತು ಇನ್ನೊಂದು ಹೋಳಿಗೆ ಬೇಡವೆನ್ನುವುದು ಹೇಗೋ! ನಾವು ತೊಡುವ ಬಂಡಿಯಂಗಿಯ ಜೇಬಿನಲ್ಲಿ ಅಡಿಕೆಯ ಚೂರು ಬಿಟ್ಟರೆ ಬೇರೆ ಶಸ್ತ್ರವಿರುವುದಿಲ್ಲ. ಆದರೂ ಪೇಚಕಸ್ ಹಿಡಿದು ಒಂದೊಂದೇ ತಿರುಪು ಸಡಿಲಿಸಿ ಪಕ್ಕದ ತಗಡನ್ನು ಎತ್ತಿದಾಗ ಒಳಗೆ ಕಾಣುವ ಅಚ್ಚುಕಟ್ಟು ನೋಡಿ ನನಗೆ ಕೈಮುಗಿಯಬೇಕೆನಿಸುತ್ತಿತ್ತು. ಎಲ್ಲದರ ಜೀವ ಒಂದು ಮಡಿಸಿದ ಉಕ್ಕಿನ ಕಮಾನು, ಅಂದರೆ ಸ್ಪ್ರಿಂಗು. ಅದು ಇಲ್ಲದಿದ್ದರೆ ಪಿಸ್ತೂಲು ಅಡಕೊತ್ತಿಗಿಂತ ಸಾಧು.

ಜೊತೆಯಲ್ಲಿ ಒಂದು ರಾಯರದು, ಇನ್ನೊಂದು ಅವರ ಹೆಂಡತಿ ರುಕ್ಮಾಬಾಯಿಯದು. ರಾಯರದು ಒಳಗಿನ ಹಲ್ಲು ಮುರಿದು ಎಂದೋ ಕೆಲಸ ಬಿಟ್ಟಿತ್ತು. ರುಕ್ಮಾಬಾಯಿಯದು ಅವರ ಎಲೆ ಅಡಿಕೆಯ ಚಂಚಿಯಲ್ಲಿ ಇರುತ್ತಿತ್ತು. ಒಮ್ಮೆ ಹುಡಗಿಯ ದಾರಿಯಲ್ಲಿ ಎತ್ತಿನ ಗಾಡಿಗೆ ಅಡ್ಡ ಬಂದ ನರಿಯತ್ತ ಆಕೆ ಅದನ್ನು ಗುರಿಯಿಟ್ಟರು. ಮದ್ದು ಥಂಡಿ ಹಿಡಿದಿತ್ತು, ಟಿಕ್ ಎಂದಿತು. ನರಿ ನಿಂತು ಆಕೆಯನ್ನು ನೋಡಿ ತನ್ನ ದಾರಿ ಹಿಡಿಯಿತಂತೆ. ಗಂಡ ಹೆಂಡತಿ ಈ ಕಥೆಯನ್ನು ಬಂದವರಿಗೆಲ್ಲ ಹೇಳಿ, ಪ್ರತಿ ಸಲವೂ ಮೊದಲ ಸಲವೆಂಬಂತೆ ನಗುತ್ತಿದ್ದರು.

ಪ್ರತಿ ವರ್ಷ ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಗೆ ಮೊದಲು ಎರಡನ್ನೂ ಪೂರ್ತಿ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಕೆಂಪು ಬಟ್ಟೆಯ ಮೇಲೆ ಹರವಿ, ಪೂಜೆಯ ಹೊತ್ತಿಗೆ ಜೋಡಿಸಿಡುವುದು ಆ ಮನೆಯ ರೂಢಿ. ದೊಡ್ಡ ಯುದ್ಧ ನಡೆದಿದ್ದ ಕಾಲದ ಒಂದು ವರ್ಷ, ತುಂಡುಗಳು ಹಾಗೆ ಬಟ್ಟೆಯ ಮೇಲಿದ್ದಾಗಲೇ ರುಕ್ಮಾಬಾಯಿ ಜ್ವರ ಬಂದು ತೀರಿಕೊಂಡರು. ಆ ವರ್ಷ ಪೂಜೆಯಿಲ್ಲ. ತುಂಡುಗಳನ್ನು ಬಟ್ಟೆಯ ಸಮೇತ ಗಂಟು ಕಟ್ಟಿಟ್ಟರು.

ಮುಂದಿನ ಶುಕ್ರವಾರ ಮಾತಾಡಿಸಲು ಹೋದಾಗ ರಾಯರು ಗಂಟು ಬಿಚ್ಚಿಕೊಂಡು ಕೂತಿದ್ದರು. ಮುಖ ಎತ್ತದೆ ಹೇಳಿದರು: "ಆಕೀದು ಕೂಡಸಿಕೊಡ್ರಿ ಮಾಸ್ತರ. ಆಕಿ ಹೋದ ಮ್ಯಾಲ ನಾ ಒಬ್ಬಾವ ಯಾಕ ಉಳೀಬೇಕು?" ಅದರಲ್ಲಿ ಅಳುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಅಂಗಡಿಯಲ್ಲಿ ಉಪ್ಪು ಕೇಳುವ ದನಿಯಲ್ಲಿ ಕೇಳಿದರು. ನನಗೆ ಭಯವಾಯಿತು.

ನನಗಿಂತ ಮೊದಲು ಅವರ ತಂಗಿ ಅಂಬಕ್ಕ ಮಾತಾಡಿದಳು. ವಿಧವೆಯಾಗಿ ಅಣ್ಣನ ಮನೆ ಸೇರಿ ಆ ಮನೆಯನ್ನು ನಡೆಸುತ್ತಿದ್ದವಳು ಅವಳೇ. ಮನೆಯಲ್ಲಿದ್ದ ದೊಡ್ಡ ಬಂದೂಕುಗಳನ್ನು ಆಗಲೇ ಘಾಟಬೋರಾಳದ ನೆಂಟರ ಮನೆಗೆ ಸಾಗಿಸಿದ್ದಳು. "ಸೂತಕದಾಗ ಬಿಚ್ಚಿದ್ದ ಆಯುಧ ವರ್ಷ ತುಂಬೋತನಕ ಕೂಡಸಬಾರದಣ್ಣಾ. ಹಿರೇರು ಹೇಳ್ಯಾರ. ಹೌದಲ್ರೀ ಮಾಸ್ತರ?" ಎಂದಳು. ಅಂಥ ಪದ್ಧತಿ ಯಾವ ಮನೆಯಲ್ಲೂ ಇಲ್ಲ. ಅವಳು ಬಾಗಿಲಲ್ಲಿ ನಿಂತ ನಿಲುವಿನಲ್ಲೇ ಹುಟ್ಟಿದ ಪದ್ಧತಿ ಅದು. "ಹೌದ್ರಿ, ಶಾಸ್ತ್ರದಾಗೂ ಅದ," ಎಂದೆ. ಮಾಸ್ತರನಾಗಿ ನಾನು ಹೇಳಿದ ಮಾತುಗಳಲ್ಲಿ ಇಷ್ಟು ಬೇಗ ಒಪ್ಪಿಗೆಯಾದದ್ದು ಇದೊಂದೇ. ರಾಯರು ಗಂಟು ಕಟ್ಟಿದರು.

ವರ್ಷ ತುಂಬುವಷ್ಟರಲ್ಲಿ ದುಃಖ ಇಳಿದೀತು ಎಂದುಕೊಂಡಿದ್ದೆವು. ಇಳಿಯಲಿಲ್ಲ. ತಿಥಿ ಮುಗಿದ ಮರು ಶುಕ್ರವಾರ ತುಂಡುಗಳು ಪಡಸಾಲೆಯಲ್ಲಿ ನನ್ನ ದಾರಿ ಕಾಯುತ್ತಿದ್ದವು. ನಾನು ಕೂತೆ, ಹಿಡಿದೆ, ತಿರುವಿದೆ, ಕೊನೆಗೆ ಕಮಾನನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದೆ. "ಇದು ಸೋತದರಿ. ಕಲ್ಯಾಣಕ್ಕ ಒಯ್ದು ಹದ ಹಾಕಿಸಿಕೊಂಡು ಬರ್ತೀನಿ." ಕಮಾನು ನನ್ನ ಜೇಬು ಸೇರಿತು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ನೌಕರಿ. ಒಂದು ಶುಕ್ರವಾರ ಕಮಾನು ಬಿಗಿಯಾಯಿತು, ಇನ್ನೊಂದು ಶುಕ್ರವಾರ ಸಡಿಲಾಯಿತು. ಒಮ್ಮೆ ಕುಲುಮೆಯವನಿಗೆ ಮೈಯಲ್ಲಿ ಹುಷಾರಿಲ್ಲ. "ಲಡಾಯಿ ಅದರಿ, ಛಲೋ ಉಕ್ಕು ಸಿಗವಲ್ದು" ಎಂಬ ನೆಪ ಬಹಳ ದಿನ ಬಾಳಿತು. ಯುದ್ಧ ಮುಗಿಯಿತೆಂದು ಊರೆಲ್ಲ ಸಕ್ಕರೆ ಹಂಚಿದಾಗ ಇನ್ನು ಯಾವ ನೆಪ ಹೇಳಲಿ ಎಂದು ಪೇಚಾಡಿದವನು ನಾನೊಬ್ಬನೇ. ಜೊತೆಯ ಇನ್ನೊಂದರ ಕಮಾನು ಹಾಕಿದರಾಗದೇ ಎಂದು ರಾಯರು ಒಮ್ಮೆ ಕೇಳಿದ್ದರು. ಕೈಕೆಲಸದ ಕಾಲದ ಸಾಮಾನು, ಒಂದರ ತುಂಡು ಇನ್ನೊಂದಕ್ಕೆ ಹೊಂದುವುದೇ ಇಲ್ಲ ಎಂದು ದೊಡ್ಡ ಪಾಠ ಹೇಳಿದ್ದೆ. ಅವರು ತಲೆಯಾಡಿಸಿ ಕೇಳಿಸಿಕೊಂಡರು.

ರಾಯರು ಆ ವರ್ಷಗಳಲ್ಲಿ ಒಮ್ಮೆಯೂ ನಕ್ಕದ್ದನ್ನು ನಾನು ಕಾಣೆ. ನರಿಯ ಕಥೆ ಆ ಮನೆಯಲ್ಲಿ ನಿಂತೇ ಹೋಯಿತು. ನಾನು ತುಂಡುಗಳನ್ನು ಜೋಡಿಸುತ್ತ ಹೋಗಿ ಕಮಾನಿನ ಜಾಗ ಬಂದಾಗ ನಿಲ್ಲಿಸುತ್ತಿದ್ದೆ. ಅವರು ದಂತದ ಹಿಡಿಯನ್ನು ಅಂಗೈಯಲ್ಲಿಟ್ಟುಕೊಂಡು "ತಣ್ಣಗದ" ಎನ್ನುತ್ತಿದ್ದರು. ಮತ್ತೆ ಬಿಚ್ಚಿ ಬಟ್ಟೆಯ ಮೇಲಿಡುತ್ತಿದ್ದೆವು. ಅಂಬಕ್ಕ ಚಹಾ ತರುತ್ತಿದ್ದಳು. ಮರಳಿ ಹೋಗುವಾಗ ಮೋಟಾರಿನಲ್ಲಿ ಜೇಬಿನ ಮೇಲೆ ಕೈಯಿಟ್ಟುಕೊಂಡೇ ಕೂಡುತ್ತಿದ್ದೆ. ಒಬ್ಬ ಮನುಷ್ಯನ ಜೀವ ನನ್ನ ಬಂಡಿಯಂಗಿಯ ಜೇಬಿನಲ್ಲಿದೆ ಎಂದುಕೊಳ್ಳುವುದು ದೊಡ್ಡ ಭಾರ. ಸುಳ್ಳೇಕೆ, ಸ್ವಲ್ಪ ಜಂಬವೂ ಇತ್ತು.

ಮುಂದೆ ನಿಜಾಮರ ರಾಜ್ಯ ಹೋಯಿತು. ಮನೆಯಲ್ಲಿದ್ದ ಆಯುಧಗಳನ್ನೆಲ್ಲ ಕಚೇರಿಗೆ ತಂದೊಪ್ಪಿಸಬೇಕೆಂದು ಡಂಗುರ ಹೊಡೆಸಿದರು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆ ಶುಕ್ರವಾರ ಹೋದರೆ ಪಡಸಾಲೆಯಲ್ಲಿ ತುಂಡುಗಳಿರಲಿಲ್ಲ. ಕೆಂಪು ಬಟ್ಟೆಯ ಮೇಲೆ ರುಕ್ಮಾಬಾಯಿಯ ಪಿಸ್ತೂಲು ಪೂರ್ತಿಯಾಗಿ ಕೂತಿತ್ತು. ರಾಯರು ಸುತ್ತಿಗೆಯನ್ನು ಹಿಂದಕ್ಕೆಳೆದರು. ಕುದುರೆ ಹೊರಗಿಣುಕಿತು. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಕಮಾನು ಅಲ್ಲೇ ಇತ್ತು.

"ನನ್ನ ಪಿಸ್ತೂಲಿನ ಕಮಾನು ಹಾಕೀನ್ರಿ," ಎಂದರು. "ಅರದಿಂದ ಜರಾ ಜರಾ ತಿಕ್ಕಿದೆ. ಹೊಂದತದ."

"ಯಾವಾಗ ಹಾಕಿದ್ರಿ?" ಎಂದೆ.

"ನೀವು ಅದನ್ನ ಒಯ್ದ ವಾರಾನ. ಬೇಸ್ತವಾರ ಸಂಜೀಕ ಬಿಚ್ಚಿ ಇಡತಿದ್ದೆ, ನೀವು ಬರ್ತೀರಂತ. ನೀವು ಹೋದ ಮ್ಯಾಲ ಮತ್ತ ಕೂಡಸತಿದ್ದೆ."

ಬಾಗಿಲಲ್ಲಿದ್ದ ಅಂಬಕ್ಕ ಚೌಕಟ್ಟು ಹಿಡಿದುಕೊಂಡಳು. ಅವಳಿಗೂ ಅದು ಆಗಷ್ಟೇ ಗೊತ್ತಾಗುತ್ತಿತ್ತು. ಅಷ್ಟು ವರ್ಷ, ನಾನು ಬರುವ ಹೊತ್ತೊಂದು ಬಿಟ್ಟು ವಾರದ ಅಷ್ಟೂ ದಿನ ಆ ಪಿಸ್ತೂಲು ಜೀವಂತವಾಗಿ ಅವರ ದಿಂಬಿನ ಬದಿಗಿತ್ತು. ನಾನು ಊರಿಂದೂರಿಗೆ ಕಾಯುತ್ತ ತಿರುಗಿದ್ದು ಬರೀ ಒಂದು ಉಕ್ಕಿನ ಚೂರನ್ನು.

"ಮತ್ತ ಯಾಕ..." ಎಂದು ನಿಲ್ಲಿಸಿದೆ. ಏನು ಕೇಳಬೇಕೆಂದು ನನಗೇ ತಿಳಿಯಲಿಲ್ಲ. ಯಾಕೆ ಜೋಡಿಸಿದಿರಿ ಎಂದೋ, ಯಾಕೆ ಉಳಿದಿರಿ ಎಂದೋ.

ರಾಯರು ಸುತ್ತಿಗೆಯನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟರು. "ದಿನಾ ಸಂಜೀಕ ಹೋಗಬೇಕನಸ್ತಿತ್ರಿ. ಆದ್ರ ನೀವು ಕಲ್ಯಾಣದಿಂದ ಅಷ್ಟು ಧೂಳು ತಿಂದು ನನಗೊಂದು ಸುಳ್ಳು ಹೇಳಾಕ ಬರ್ತಿದ್ರಿ. ಬಂದವರಿಗಿ ಚಾ ಕೊಡದ ಹ್ಯಾಂಗ ಹೋಗೂದು?"

ಇಬ್ಬರೂ ಕಚೇರಿಗೆ ಹೋಗಿ ಎರಡೂ ಪಿಸ್ತೂಲು ಒಪ್ಪಿಸಿ ಬಂದೆವು. ಅಲ್ಲಿದ್ದ ಸಿಪಾಯಿ ಅವನ್ನು ಕತ್ತಿಗಳ ರಾಶಿಯ ಮೇಲೆ ಎಸೆದ. ದಂತದ ಹಿಡಿ ಕಬ್ಬಿಣಕ್ಕೆ ಬಡಿದ ಸದ್ದಿಗೆ ರಾಯರು ಕಣ್ಣು ಮುಚ್ಚಿದರು.

ಮುಂದಿನ ಶುಕ್ರವಾರವೂ ಮೋಟಾರು ಹತ್ತಿದೆ. ದಾರಿಯುದ್ದಕ್ಕೂ ಒಂದು ನೆಪ ಹುಡುಕಿದೆ, ಸಿಗಲಿಲ್ಲ. ಬಿಚ್ಚುವುದಕ್ಕಿಲ್ಲ, ಕೂಡಿಸುವುದಕ್ಕಿಲ್ಲ, ಹೇಳಲು ಸುಳ್ಳೂ ಉಳಿದಿಲ್ಲ. ರಾಯರು ಬರಿಯ ಪಡಸಾಲೆಯಲ್ಲಿ ಗೋಡೆಗೊರಗಿ ಕೂತಿದ್ದರು.

"ಇನ್ನ ಯಾಕ ಬಂದೀರಿ ಮಾಸ್ತರ?"

"ಚಾ ಕುಡ್ಯಾಕ್ರಿ," ಎಂದೆ.