ಎದೆಯ ಗಡ್ಡೆ, ದೇವರ ಕತ್ತಿ

ಪೇಟೆ ಬೀದಿಗೆ ತಿರುಗುವ ಮೊದಲೇ ಕರಡೆ ವಾದ್ಯದ ಸದ್ದು ಕೇಳಿಸಿತು. ಕೊರಟಗೆರೆಯ ಶಂಕರಲಿಂಗಪ್ಪನವರ ಮನೆಯಲ್ಲಿ ವೀರಭದ್ರನ ಗುಗ್ಗಳ ಸೇವೆ. ಮದರಾಸಿನಿಂದ ಅಂದೇ ಬಂದಿಳಿದಿದ್ದ ಚನ್ನಮಲ್ಲಯ್ಯ ಬಿರುಸಾಗಿ ಹೆಜ್ಜೆ ಹಾಕಿದ. ಈಗ ಏದುಸಿರಿಲ್ಲ.

ಇಪ್ಪತ್ತು ವರ್ಷ ದೇವರ ಕತ್ತಿ ಹಿಡಿದು ವೀರಗಾಸೆ ಕುಣಿದವನು ಅವನು. ದಕ್ಷಯಜ್ಞದ ಕಥೆಯ ಒಡಪನ್ನು, ಕುಣಿತದ ನಡುವೆ ಆರ್ಭಟಿಸಿ ಹೇಳುವ ಆ ಸಾಲುಗಳನ್ನು, ಅವನ ದನಿಯಲ್ಲೇ ಕೇಳಬೇಕೆಂದು ಮಧುಗಿರಿಯಿಂದ ಮದಲೂರಿನವರೆಗೂ ಕರೆ ಬರುತ್ತಿತ್ತು. ಹೋದ ವರ್ಷ ಉಸಿರು ಒಡಪಿನ ನಡುವೆ ಕಡಿಯತೊಡಗಿತು. ಜನ ಕ್ಷಯವೆಂದರು, ದೇವರ ಮುನಿಸೆಂದರು. ಕೊನೆಗೆ ಮದರಾಸಿಗೆ ಹೋಗಿ ತೋರಿಸಿಕೊಂಡ. ಮಹಾಯುದ್ಧ ಮುಗಿಸಿ ಅಲ್ಲಿಗೆ ಬಂದಿದ್ದ ಡಾಕ್ಟರೊಬ್ಬರು ಎದೆಯ ಎಕ್ಸ್‌ರೇ ಪಟ ತೆಗೆಸಿ, ಗಡ್ಡೆಯೊಂದು ಶ್ವಾಸಕೋಶವನ್ನು ಅದುಮಿ ಕೂತಿದೆ, ಕುಯ್ದು ತೆಗೆಯಬೇಕು ಎಂದರು. ಅವನು ಹೆದರಿ ಊರಿಗೆ ಮರಳಿದ. ತಮ್ಮ ರೇಣುಕಯ್ಯ ಕಾಲು ಹಿಡಿದುಕೊಂಡ: “ಹೋಗ್ಬಾ ಅಣ್ಣಯ್ಯ. ನೀನು ಬರೋಗಂಟ ಕತ್ತಿ ನಾನು ಕಾಯ್ತೀನಿ.”

ಆ ಮಾತನ್ನು ನಂಬಿ ಅವನು ಮತ್ತೆ ಮದರಾಸಿಗೆ ಹೋಗಿ ಆಪರೇಷನ್ ಮೇಜಿನ ಮೇಲೆ ಮಲಗಿದ. ಒಂದು ಪಕ್ಕೆಲುಬು ತೆಗೆದು, ಬೇಲದ ಹಣ್ಣಿನಷ್ಟು ಗಡ್ಡೆಯನ್ನು ಹೊರಗಿಟ್ಟರು. ಕೆಟ್ಟ ಗಡ್ಡೆಯಲ್ಲ, ಮತ್ತೆ ಬೆಳೆಯದು ಎಂದರು. ಮೂರು ತಿಂಗಳಲ್ಲಿ ಉಸಿರು ಎದೆತುಂಬ ಬಂತು.

ಈಗ ಶಂಕರಲಿಂಗಪ್ಪನವರ ಅಂಗಳದಲ್ಲಿ ರೇಣುಕಯ್ಯ ಆಗತಾನೆ ಕೆನ್ನೆಗೆ ಚುಚ್ಚಿಕೊಂಡಿದ್ದ ಶಸ್ತ್ರ ಕಿತ್ತು ವಿಭೂತಿ ಒತ್ತಿಕೊಳ್ಳುತ್ತಿದ್ದ.

“ಕೊಡ್ಲಾ ಕತ್ತೀನ. ಮುಂದಿನ ಒಡಪು ನಂದು” ಎಂದು ಚನ್ನಮಲ್ಲಯ್ಯ ಕೈಚಾಚಿದ.

ರೇಣುಕಯ್ಯ ನೆಲ ನೋಡಿದ. ಮಾತಾಡಿದವರು ದೇವರ ಕಟ್ಟಳೆ ನೋಡಿಕೊಳ್ಳುವ ಯಜಮಾನ ಶಂಕರಲಿಂಗಪ್ಪ. “ಆಗಕ್ಕಿಲ್ಲ ಚನ್ನಮಲ್ಲಯ್ಯ. ಎಲುಬು ತೆಗ್ಸ್ಕಂಡೋನು ಭಿನ್ನ ಆದ ವಿಗ್ರಹ ಇದ್ದಂಗೆ. ಕತ್ತಿ ಮುಟ್ಟಂಗಿಲ್ಲ.”

“ಇವನ ಕೆನ್ನೇಲೂ ತೂತು ಬಿದ್ದೈತಲ್ಲ ಯಜಮಾನ್ರೇ, ಅಲ್ಲಿಂದ ದ್ಯಾವ್ರು ಸೋರೋಗಾಕಿಲ್ವಾ?”

ಯಾರೋ ನಕ್ಕರು. ಶಂಕರಲಿಂಗಪ್ಪ ನಗಲಿಲ್ಲ. “ಅದು ದ್ಯಾವ್ರ ಶಸ್ತ್ರ. ನೀನು ಮದರಾಸಿಗೆ ಹೊರಡೋ ಮುಂಚೇನೇ ನಿನ್ ತಮ್ಮ ಬಂದು ಕೇಳಿದ್ದ, ಮೈ ಕುಯ್ಸ್ಕಂಡೋರು ಕತ್ತಿ ಹಿಡೀಬೌದಾ ಅಂತ. ಆಗಕ್ಕಿಲ್ಲ ಅಂದಿದ್ದೆ. ನಿಂಗೆ ಹೇಳ್ನಿಲ್ವಾ?”

ಚನ್ನಮಲ್ಲಯ್ಯ ನಿಧಾನವಾಗಿ ತಮ್ಮನ ಕಡೆ ತಿರುಗಿದ. “ಗೊತ್ತಿತ್ತೇನ್ಲಾ?”

“ಹೇಳಿದ್ರೆ ನೀನು ಹೋಯ್ತಿದ್ಯಾ? ಸತ್ತೋಯ್ತಿದ್ದೆ ಕಣಣ್ಣಯ್ಯ.”

“ಸಾಯ್ತಿದ್ನೋ ಏನೋ. ಕಾಯ್ತೀನಿ ಅಂತ ಯಾಕಂದೆ?”

ಅಷ್ಟರಲ್ಲಿ ಕರಡೆಯವನು ಮತ್ತೆ ಕೋಲೆತ್ತಿದ. ಜನ ಸುತ್ತುಗಟ್ಟಿದರು. ರೇಣುಕಯ್ಯ ಹತ್ತಿರ ಬಂದು ದನಿ ತಗ್ಗಿಸಿದ.

“ಅಣ್ಣಯ್ಯ, ಕ್ವಾಪ ಆಮ್ಯಾಲಿರ್ಲಿ. ಯಜ್ಞಕುಂಡ ಒಡೆದ ಮ್ಯಾಲೆ ಯಾವ ಸಾಲು ಬತ್ತದೆ? ಯಾವಾಗ್ಲೂ ಅಲ್ಲೇ ತಪ್ಪೋಯ್ತೀನಿ. ಒಂದ್ಸಲ ಹೇಳ್ಕೊಟ್ಬುಡು, ದಕ್ಷನ ತಲೆ...”

ಚನ್ನಮಲ್ಲಯ್ಯ ಆಗಲೇ ಮೆಟ್ಟು ಮೆಟ್ಟಿಕೊಂಡು ಬೀದಿಗೆ ಇಳಿದಿದ್ದ.