ತಾನ್ ಅಜ್ಜಿಯ ಹೊಸ್ತಿಲಿನ ಪುಟ್ಟ ಕುರ್ಚಿ

ಬೆಳಗಿನ ಆರು ಗಂಟೆ. ಚೀನಾದ ಯುವಾನ್ ನದಿಯ ಮಂಜು ಇನ್ನೂ ಬೀದಿ ಬಿಟ್ಟಿಲ್ಲ. ಮಕ್ಕಳಿಗೆ ನಾಟಿಮದ್ದು ಕೊಡುವ ಎಪ್ಪತ್ತೊಂದರ ತಾನ್ ಗುಯಿಝೆನ್ ಹೊಸ್ತಿಲಲ್ಲಿ ಕೂತು ಎರಡು ವರ್ಷದ ಹುಡುಗಿಯ ತೋರುಬೆರಳನ್ನು ಮೆಲ್ಲಗೆ ನೀವುತ್ತಿದ್ದಾರೆ. ಚರ್ಮದಡಿಯ ಸಣ್ಣ ನರ ಮೊದಲ ಗೆಣ್ಣಿನಲ್ಲೇ ನಿಂತರೆ ನೆಗಡಿ. ಎರಡನೆಯದಕ್ಕೆ ಏರಿದರೆ ಕಾಯಿಲೆ. ಮೂರನೆಯದು ಪ್ರಾಣದ ಬಾಗಿಲು; ಅಲ್ಲಿ ನರ ನೀಲಿಗಟ್ಟಿದರೆ ಜೀವಕ್ಕೇ ಅಪಾಯ.

“ನಾಲಿಗೆ ತೋರ್ಸು ಚಿನ್ನಾ... ಹ್ಞೂಂ, ಉಷ್ಣದ ಮೈ. ಲಿಚಿ ತಿನ್ನಿಸ್ತಿದೀಯಲ್ಲಾ?” ತಾಯಿ ತಲೆ ತಗ್ಗಿಸುತ್ತಾಳೆ.

ದಿನಕ್ಕೆ ಹನ್ನೆರಡೋ ಹದಿನೈದೋ ಮಕ್ಕಳು. ಕೆಂಪು ಅಂಗಿ ತೊಟ್ಟು ಬಂದರೆ ಮೊದಲು ಅದನ್ನು ಬಿಚ್ಚಿಸುತ್ತಾರೆ. ಹೊಸ ವರ್ಷಕ್ಕೂ ಕೆಂಪು ಲಾಂದ್ರ ಕಟ್ಟದ ಮನೆ ಇಡೀ ಬೀದಿಯಲ್ಲಿ ಇದೊಂದೇ.

ಕಾರಣ ಶಿಯಾವ್‌ಮಾನ್. ಇಪ್ಪತ್ತೆರಡು ವರ್ಷದ ಹಿಂದೆ, ಹಬ್ಬದ ಸಂಜೆ, ಮೂರು ವರ್ಷದ ಆ ಹುಡುಗಿಯನ್ನು ಇದೇ ಹೊಸ್ತಿಲಿನ ಪುಟ್ಟ ಬಿದಿರಿನ ಕುರ್ಚಿಯಲ್ಲಿ ಕೂರಿಸಿ, ಕೆಂಪು ಲಾಂದ್ರದ ಬೆಳಕಲ್ಲಿ ಬೆರಳು ನೋಡಿದ್ದರು. ನೀಲಿಗಟ್ಟಿದ ನರ ಕೆಂಪಾಗಿಯೇ ಕಂಡಿತ್ತು. “ಏನಿಲ್ಲ, ಹೋಗಿ ಹಬ್ಬ ಮಾಡ್ರೇ ಅಂದ್ಬಿಟ್ಟೆ. ನನ್ನ ನಾಲಿಗೆಗೆ ಬೆಂಕಿ ಬೀಳ,” ಎಂದು ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾರೆ. ಮೂರನೆಯ ದಿನ ಮಗು ತೀರಿಕೊಂಡಿತು.

ಕುರ್ಚಿ ಅಲ್ಲೇ ಇದೆ, ಖಾಲಿ. ಗಟ್ಟಿಮುಟ್ಟಾದ ಮಕ್ಕಳು ಅದರತ್ತ ತಿರುಗಿಯೂ ನೋಡುವುದಿಲ್ಲ. ಒಳಗೇ ಕಾಯಿಲೆಗೆ ಸೋಲುತ್ತಿರುವ ಮಕ್ಕಳು ಮಾತ್ರ ಅದನ್ನು ನೋಡಿ ನಗುತ್ತವೆ.

ಇವತ್ತು ಉಷ್ಣದ ಮೈಯ ಹುಡುಗಿಯ ನಂತರ ಅಜ್ಜಿಯ ಜೊತೆ ಬಂದ ಪುಟ್ಟ ಹುಡುಗ ದೌದೌ ಗುಂಡುಗುಂಡಾಗಿದ್ದಾನೆ. ಆಗಾಗ ಕಿರುಚಿ ಸುಮ್ಮನಾಗುತ್ತಾನೆ, ಊಟ ಸೇರದು. ಏನೋ ನೋಡಿ ಬೆಚ್ಚಿರಬೇಕೆಂದು ಅವನಜ್ಜಿಯ ಗುಮಾನಿ. ಮಗು ನಗುತ್ತಾ ಬಿಸ್ಕತ್ತನ್ನು ಖಾಲಿ ಕುರ್ಚಿಯತ್ತ ಚಾಚುತ್ತದೆ. “ಅಕ್ಕಾ, ತಗೋ.”

ತಾನ್ ಅಜ್ಜಿ ತಟ್ಟನೆ ಅವನ ಕೈ ಹಿಡಿಯುತ್ತಾರೆ. ಬೆರಳು ತಿರುಗಿಸಿ ನೋಡುತ್ತಾರೆ. ನೀಲಿ ನರ ಮೂರನೆಯ ಗೆಣ್ಣು ಮುಟ್ಟಿದೆ.

“ಈಗಿಂದೀಗ್ಲೇ ದೊಡ್ಡಾಸ್ಪತ್ರೆಗೆ ಹೊರಡು.”

“ಅಯ್ಯೋ, ನಗ್ತಾ ಇದಾನಲ್ಲಕ್ಕಾ! ಇವನಿಗೇನು ಧಾಡಿ?”

“ಆ ನಗು ನೋಡೇ ನನಗೆ ಭಯ ಕಣೇ. ಏಳು ಅಂದ್ರೆ ಏಳು!” ಮಗುವನ್ನು ತಾವೇ ಎತ್ತಿಕೊಂಡು ಹೋಗಿ ಇಬ್ಬರನ್ನೂ ಬಸ್ಸು ಹತ್ತಿಸುತ್ತಾರೆ. ವಾಪಸು ಬಂದು ಉಳಿದ ಮಕ್ಕಳ ಬೆರಳನ್ನು ಎರಡೆರಡು ಸಲ ನೋಡುತ್ತಾರೆ.

ಮಧ್ಯಾಹ್ನ ಫೋನು ಬರುತ್ತದೆ. ಕರುಳು ಒಂದರೊಳಗೊಂದು ಮಡಚಿಕೊಂಡಿತ್ತಂತೆ. ಸಂಜೆಯವರೆಗೆ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲವಂತೆ. ಡಾಕ್ಟರು ಸರಿಪಡಿಸಿದ್ದಾರೆ, ದೌದೌ ಈಗ ನೆಮ್ಮದಿಯಾಗಿ ಮಲಗಿದ್ದಾನೆ. ತಾನ್ ಅಜ್ಜಿ ತೋಳಿನಿಂದ ಕಣ್ಣೊರೆಸಿಕೊಂಡು, ಖಾಲಿ ಕುರ್ಚಿಯ ಧೂಳನ್ನೂ ಒರೆಸುತ್ತಾರೆ.

“ಪತ್ರಿಕೇಲಿ ನನ್ನೊಬ್ಬಳ ಹೆಸರೇ ಹಾಕ್ಬೇಡಪ್ಪಾ,” ಎನ್ನುತ್ತಾರೆ. “ಇಪ್ಪತ್ತೆರಡು ವರ್ಷದಿಂದ ಒಂದಿನವೂ ರಜ ಹಾಕದೆ ಕೂತಿರೋಳು ಅವಳು. ಶಿಯಾವ್‌ಮಾನ್ ಅಂತ ಮೊದಲು ಬರಿ.”